ಕವಡೆ, ಕಬ್ಬು, ಹತ್ತಿ: ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಕಾರಣವನ್ನು ಎಲ್ಲಿ ಹುಡುಕಬೇಕು?

ಇತಿಹಾಸ ಮೇಡಂ

ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಕಳೆದ ವಾರ ಅಮೆರಿಕದ ಅಂತರ್ಯುದ್ಧದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಮೆರಿಕದಲ್ಲಿ ಮೊದಲೇ ಜನರಿದ್ದರು, ಯುರೋಪಿನಲ್ಲೂ ಬಡವರಿದ್ದರು, ಹಾಗಿದ್ದ ಮೇಲೆ ಅಷ್ಟು ಖರ್ಚು ಮಾಡಿ ಸಮುದ್ರ ದಾಟಿಸಿ ಆಫ್ರಿಕಾದವರನ್ನೇ ಏಕೆ ತಂದರು ಮೇಡಂ?" ಎಂದು ಕೇಳಿದಳು. ಬಿಳಿಯರಿಗೆ ಕರಿಯರ ಮೇಲಿದ್ದ ತಿರಸ್ಕಾರವೇ ಕಾರಣವೆಂದು ಉತ್ತರಿಸಿದೆ. ಅವಳು ಕುಳಿತುಕೊಂಡಳು, ಆದರೆ ಸಮಾಧಾನವಾಗಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ತಿರಸ್ಕಾರವಿದ್ದವರು ದೂರ ಇರುತ್ತಾರೆಯೇ ಹೊರತು ಮುನ್ನೂರೈವತ್ತು ವರ್ಷ ಹಡಗು ಕಟ್ಟಿಸಿ, ವಿಮೆ ಮಾಡಿಸಿ, ಸಾಲ ತೆಗೆದು ಜನರನ್ನು ಸಾಗಿಸುತ್ತ ಕೂರುತ್ತಾರೆಯೇ?

ನನಗೆ ತಿಳಿದಿರುವ ಅಂಕಿಗಳನ್ನು ಮೊದಲು ಇಡುತ್ತೇನೆ. ವಿದ್ವಾಂಸರು ಸುಮಾರು 36,000 ಹಡಗುಯಾನಗಳ ದಾಖಲೆಗಳನ್ನು ಕಲೆಹಾಕಿ ಮಾಡಿರುವ ಅಂದಾಜಿನ ಪ್ರಕಾರ 16ನೆಯ ಶತಮಾನದ ಆರಂಭದಿಂದ 1860ರ ದಶಕದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗು ಹತ್ತಿಸಲಾಯಿತು. ಆಚೆ ದಡದಲ್ಲಿ ಜೀವಂತವಾಗಿ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಇವರಲ್ಲಿ ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ಬಂದವರು 4 ಲಕ್ಷಕ್ಕಿಂತ ಕಡಿಮೆ, ಬ್ರೆಜಿಲ್ಲಿಗೆ ಹೋದವರು 48 ಲಕ್ಷದಷ್ಟು. ಆದರೂ ಗುಲಾಮಗಿರಿಯೆಂದರೆ ಹತ್ತಿ ತೋಟ ಮತ್ತು ಅಬ್ರಹಾಂ ಲಿಂಕನ್ ಎಂಬಲ್ಲಿಗೇ ನಮ್ಮ ಪಾಠ ನಿಂತುಬಿಡುತ್ತದೆ. ಆ ಹುಡುಗಿಗೆ ಮುಂದಿನ ತರಗತಿಯಲ್ಲಿ ಸರಿಯಾದ ಉತ್ತರ ಕೊಡಬೇಕೆಂದಿದ್ದೇನೆ. ಬಲ್ಲವರು ತಿಳಿಸಬೇಕು.

ಹಳೇ ಲೆಕ್ಕಪುಸ್ತಕ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಅಲ್ಲಿದ್ದ ಮೂಲನಿವಾಸಿಗಳನ್ನೂ ಯುರೋಪಿನ ಬಡವರನ್ನೂ ಮೊದಲು ದುಡಿಸಿ ನೋಡಿದ ಮೇಲೆಯೇ ಆಫ್ರಿಕಾದ ಕಡೆಗೆ ಪೂರ್ತಿಯಾಗಿ ತಿರುಗಿದ್ದು.

ಆದರೆ ಕಥೆ ಆರಂಭವಾಗುವುದು ಕೊಲಂಬಸನಿಗಿಂತ ಮುಂಚೆ. 1444ರ ಆಗಸ್ಟ್ ತಿಂಗಳಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನ ಬಯಲಿನಲ್ಲಿ 235 ಆಫ್ರಿಕನ್ನರನ್ನು ಇಳಿಸಿ ಪಾಲು ಹಂಚಿದರು. ತಾಯಿ ಒಬ್ಬರ ಪಾಲಿಗೆ, ಮಗು ಇನ್ನೊಬ್ಬರ ಪಾಲಿಗೆ ಹೋದಾಗ ಎದ್ದ ಗೋಳನ್ನು ಆಸ್ಥಾನದ ಚರಿತ್ರಕಾರ ಜುರಾರಾ ತಾನೇ ಬರೆದಿಟ್ಟಿದ್ದಾನೆ; ಬರೆದು, ಇದರಿಂದ ಅವರ ಆತ್ಮಗಳಿಗೆ ಮೋಕ್ಷ ದೊರೆಯಿತೆಂದು ಸಮಾಧಾನವನ್ನೂ ಹೇಳಿಕೊಂಡಿದ್ದಾನೆ. 1452ರಲ್ಲಿ ಪೋಪ್ ಐದನೆಯ ನಿಕೋಲಾಸ್ ಕ್ರೈಸ್ತರಲ್ಲದವರನ್ನು ಸೆರೆಹಿಡಿದು ಶಾಶ್ವತ ದಾಸ್ಯಕ್ಕೆ ಹಾಕಲು ಪೋರ್ಚುಗಲ್ಲಿನ ಅರಸನಿಗೆ ಅಪ್ಪಣೆ ನೀಡಿದರು. ಅಟ್ಲಾಂಟಿಕ್ಕಿನ ಮಡೈರಾ ದ್ವೀಪದಲ್ಲಿ ಕಬ್ಬು ಬೆಳೆಸಿ, ಸೆರೆಯಾಳುಗಳಿಂದ ದುಡಿಸಿ, ಸಕ್ಕರೆಯನ್ನು ಯುರೋಪಿಗೆ ಮಾರುವ ಪದ್ಧತಿ ಆ ಹೊತ್ತಿಗೆ ಬೇರು ಬಿಡುತ್ತಿತ್ತು, ಶತಮಾನದ ಕೊನೆಯ ಹೊತ್ತಿಗೆ ಸಾವೊ ಟೋಮೆ ದ್ವೀಪಕ್ಕೂ ಹಬ್ಬಿತು. ಕೊಲಂಬಸ್ 1493ರ ತನ್ನ ಎರಡನೆಯ ಯಾನದಲ್ಲಿ ಕಬ್ಬಿನ ತುಂಡುಗಳನ್ನು ಕೆರಿಬಿಯನ್ನಿನ ಹಿಸ್ಪಾನಿಯೋಲ ದ್ವೀಪಕ್ಕೆ ಒಯ್ದದ್ದು ಆಕಸ್ಮಿಕವೇನೂ ಅಲ್ಲ.

ಅಲ್ಲಿನ ಮೂಲನಿವಾಸಿಗಳು ಸಿಡುಬಿಗೂ ಗಣಿಯ ದುಡಿತಕ್ಕೂ ಸಿಕ್ಕಿ ಎರಡು ತಲೆಮಾರಿನೊಳಗೆ ಹೇಳಹೆಸರಿಲ್ಲದಂತಾದರು. ಅವರ ಪರವಾಗಿ ವಾದಿಸಿದ ಪಾದ್ರಿ ಲಾಸ್ ಕಾಸಾಸ್, ಅವರನ್ನು ಉಳಿಸುವ ಸಲುವಾಗಿ ಆಫ್ರಿಕನ್ನರನ್ನು ತರಿಸಬಹುದೆಂದು ಸಲಹೆ ಕೊಟ್ಟು, ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. 1518ರಲ್ಲಿ ಸ್ಪೇನಿನ ದೊರೆ ಮೊದಲನೆಯ ಚಾರ್ಲ್ಸ್ 4,000 ಆಫ್ರಿಕನ್ನರನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸುವ ಪರವಾನಗಿ ಕೊಟ್ಟ.

ಇನ್ನು ಯುರೋಪಿನ ಬಡವರು. ಬಾರ್ಬಡೋಸ್ ಮತ್ತು ವರ್ಜೀನಿಯಾದ ತೋಟಗಳಲ್ಲಿ ಆರಂಭದಲ್ಲಿ ದುಡಿದವರು ಬಹುಮಟ್ಟಿಗೆ ನಾಲ್ಕರಿಂದ ಏಳು ವರ್ಷಗಳ ಕರಾರಿನ ಮೇಲೆ ಬಂದ ಇಂಗ್ಲಿಷ್ ಮತ್ತು ಐರಿಷ್ ಆಳುಗಳು. ಇವರ ಕರಾರು ಮುಗಿಯುತ್ತಿತ್ತು, ಮುಗಿದ ಮೇಲೆ ಜಮೀನು ಕೇಳುತ್ತಿದ್ದರು, ಓಡಿಹೋದರೆ ಗುರುತು ಸಿಗುತ್ತಿರಲಿಲ್ಲ. 1676ರಲ್ಲಿ ವರ್ಜೀನಿಯಾದಲ್ಲಿ ಬೇಕನ್ ಎಂಬಾತನ ದಂಗೆಯಲ್ಲಿ ಬಿಳಿಯ ಕರಾರು ಆಳುಗಳೂ ಕರಿಯರೂ ಜೊತೆಗೂಡಿ ರಾಜಧಾನಿ ಜೇಮ್ಸ್‌ಟೌನನ್ನು ಸುಟ್ಟರು. ಜಮೀನ್ದಾರರ ಎದೆ ನಡುಗಿಸಿದ್ದು ಆ ಜೊತೆ.

ಇದೇ ಅವಧಿಯ ಕಾನೂನುಗಳನ್ನು ವರ್ಷಾನುಕ್ರಮವಾಗಿ ಓದಿ ನೋಡಿ. 1619ರಲ್ಲಿ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರು ವರ್ಜೀನಿಯಾಕ್ಕೆ ಬಂದಿಳಿದಾಗ ಗುಲಾಮಗಿರಿಯ ಬಗ್ಗೆ ಅಲ್ಲಿ ಸ್ಪಷ್ಟವಾದ ಕಾನೂನೇ ಇರಲಿಲ್ಲ. 1662ರಲ್ಲಿ, ಮಗುವಿಗೆ ತಾಯಿಯ ಸ್ಥಿತಿಯೇ ಬರತಕ್ಕದ್ದೆಂಬ ಕಾಯ್ದೆ ಬಂತು. ಇದರಿಂದ ಒಡೆಯನು ಗುಲಾಮ ಹೆಣ್ಣಿನಲ್ಲಿ ಹುಟ್ಟಿಸಿದ ಮಗುವೂ ಅವನ ಆಸ್ತಿಯೇ ಆಯಿತು. 1705ರ ಸಂಹಿತೆಯಲ್ಲಿ ಇವೆಲ್ಲ ಒಟ್ಟಾಗಿ ಗಟ್ಟಿಯಾದವು. ತಿರಸ್ಕಾರ ಮೊದಲೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಚರ್ಮದ ಬಣ್ಣವೇ ಹುಟ್ಟಿನಿಂದ ಸಾವಿನವರೆಗಿನ ಸ್ಥಾನವನ್ನು ನಿರ್ಧರಿಸುವ ವ್ಯವಸ್ಥೆಯನ್ನು ಒಂದೊಂದೇ ಕಲಮಿನ ಮೂಲಕ, ಲಾಭದ ಅಗತ್ಯಕ್ಕೆ ತಕ್ಕಂತೆ ಕಟ್ಟಿದರು.

ಆಲೆಮನೆ

ನಾನು ಮಂಡ್ಯ ಕಡೆಯವನು, ತಾತನ ಆಲೆಮನೆಯಲ್ಲಿ ಬೆಳೆದವನು. ಲೆಕ್ಕಪುಸ್ತಕದವರು ಸಕ್ಕರೆಯ ಮಾತನ್ನು ಹಾಗೆಯೇ ದಾಟಿ ಹೋದರು, ಅಲ್ಲಿ ಸ್ವಲ್ಪ ನಿಲ್ಲಬೇಕು.

ಕಬ್ಬು ಕಡಿದ ಮೇಲೆ ಕಾಯುವ ಬೆಳೆಯಲ್ಲ. ಒಂದೆರಡು ದಿನದೊಳಗೆ ಗಾಣಕ್ಕೆ ಕೊಡದಿದ್ದರೆ ಕಬ್ಬಿನ ಹಾಲು ಹುಳಿಯಾಗುತ್ತದೆ, ಪಾಕ ಕೂಡುವುದಿಲ್ಲ. ಹಾಗಾಗಿ ಕಡಿಯುವವನು, ಹೊರುವವನು, ಗಾಣಕ್ಕೆ ಕೊಡುವವನು, ಒಲೆಗೆ ಸಿಪ್ಪೆ ಹಾಕುವವನು, ಕೊಪ್ಪರಿಗೆಯ ಮುಂದೆ ನಿಂತು ಹದ ನೋಡುವವನು, ಎಲ್ಲರೂ ಒಂದೇ ಸರಪಳಿಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಒಬ್ಬ ನಿಂತರೆ ಎಲ್ಲವೂ ನಿಲ್ಲುತ್ತದೆ. ನಮ್ಮ ಆಲೆಮನೆಯಲ್ಲಿ ನಾಲ್ಕೆಂಟು ಜನ, ಸರದಿಯ ಮೇಲೆ, ನಡುವೆ ಕಾಫಿ ಕುಡಿದು, ಬಿಸಿಬೆಲ್ಲ ತಿಂದು ನಡೆಸುತ್ತಿದ್ದ ಕೆಲಸವನ್ನು ನೂರಾರು ಎಕರೆಯ ಮಟ್ಟಕ್ಕೆ ಹಿಗ್ಗಿಸಿ, ತಿಂಗಳುಗಟ್ಟಲೆ ಹಗಲು ರಾತ್ರಿ ನಿಲ್ಲಿಸದೆ ನಡೆಸಬೇಕೆಂದರೆ, ಬಿಟ್ಟು ಹೋಗುವ ಹಕ್ಕಿರುವ ಯಾವ ಕೂಲಿಯೂ ಅದಕ್ಕೆ ನಿಲ್ಲುವುದಿಲ್ಲ. ಜಮೈಕಾ ಮತ್ತು ಬಾರ್ಬಡೋಸಿನ ಗಾಣಗಳ ಬಳಿ ಒಂದು ಮಚ್ಚನ್ನು ಸದಾ ಇಟ್ಟಿರುತ್ತಿದ್ದರೆಂದು ಆ ಕಾಲದ ಬರಹಗಳು ಹೇಳುತ್ತವೆ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವಾಗ ಕೈ ರೋಲರಿಗೆ ಸಿಕ್ಕಿದರೆ ಗಾಣ ನಿಲ್ಲಿಸುವಷ್ಟು ಹೊತ್ತಿರುವುದಿಲ್ಲ, ತೋಳನ್ನೇ ಕಡಿಯಬೇಕು. ಗಾಣದ ಮುಂದೆ ಕುಳಿತು ಗೊತ್ತಿರುವ ನನಗೆ ಇದನ್ನು ಓದಿದ ದಿನ ಊಟ ಸೇರಲಿಲ್ಲ.

ಹತ್ತಿ ಬಂದದ್ದು ಬಹಳ ತಡವಾಗಿ. ಸಾಗರ ದಾಟಿದ ಆ ಒಂದು ಕೋಟಿ ಜನರಲ್ಲಿ ಬಹುಪಾಲು ಜನರನ್ನು ಎಳೆದೊಯ್ದದ್ದು ಸಕ್ಕರೆ. ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿಗಿಂತ ಸಾವೇ ಹೆಚ್ಚಾಗಿದ್ದುದರಿಂದ ಹಡಗುಗಳು ಬರುತ್ತಲೇ ಇರಬೇಕಾಯಿತು. ಉತ್ತರ ಅಮೆರಿಕಕ್ಕೆ 4 ಲಕ್ಷಕ್ಕಿಂತ ಕಡಿಮೆ ಜನ ಬಂದು 1860ರ ಹೊತ್ತಿಗೆ ಸುಮಾರು 40 ಲಕ್ಷವಾದರು. ಜಮೈಕಾ ಒಂದಕ್ಕೇ ಸುಮಾರು 10 ಲಕ್ಷ ಜನರನ್ನು ಸಾಗಿಸಿದ್ದರೂ 1834ರಲ್ಲಿ ಬಿಡುಗಡೆಯ ಕಾಯ್ದೆ ಜಾರಿಗೆ ಬಂದಾಗ ಅಲ್ಲಿ ಉಳಿದಿದ್ದ ಗುಲಾಮರು 3 ಲಕ್ಷ ಚಿಲ್ಲರೆ. ಸಕ್ಕರೆ ಏನು ಮಾಡಿತೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಕರಾವಳಿ ಓದುಗ

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ. ಯುರೋಪಿನವರು ಆಫ್ರಿಕಾದ ಒಳನಾಡಿಗೆ ನುಗ್ಗಿ ಜನರನ್ನು ಹಿಡಿದದ್ದು ಬಹಳ ಕಡಿಮೆ. ಸೆರೆಯಾಳುಗಳನ್ನು ತಂದು ಕರಾವಳಿಯಲ್ಲಿ ಮಾರಿದವರು ಆಫ್ರಿಕಾದ ಅರಸರು ಮತ್ತು ವರ್ತಕರೇ. ಅರಬರಂತೂ ಸಹಾರಾ ಮಾರ್ಗದಲ್ಲೂ ಹಿಂದೂ ಮಹಾಸಾಗರದಲ್ಲೂ ಅದಕ್ಕಿಂತ ನೂರಾರು ವರ್ಷ ಮೊದಲಿನಿಂದ ಇದೇ ವ್ಯಾಪಾರ ನಡೆಸಿದ್ದರು. ಎಲ್ಲರೂ ಮಾಡಿದ ತಪ್ಪಿಗೆ ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಇತಿಹಾಸವೋ ರಾಜಕೀಯವೋ? ಮೇಡಂ ಮಕ್ಕಳಿಗೆ ಈ ಭಾಗವನ್ನೂ ಹೇಳಬೇಕಲ್ಲವೇ?

ಹಳೇ ಲೆಕ್ಕಪುಸ್ತಕ

ಹೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನೀವು ಕೊಟ್ಟ ವಿವರಗಳೂ ಸರಿಯಾಗಿವೆ. ಮಲೇರಿಯಾ ಮತ್ತು ಹಳದಿ ಜ್ವರದ ಭಯದಿಂದ ಯುರೋಪಿನವರು ಕೋಟೆ ಮತ್ತು ಹಡಗು ಬಿಟ್ಟು ದೂರ ಹೋಗುತ್ತಿರಲಿಲ್ಲ. ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ಅರಸ ಅಗಾಜ 1727ರಲ್ಲಿ ವೀಡಾ ಬಂದರನ್ನು ಗೆದ್ದುಕೊಂಡ ಮೇಲೆ ಈ ವ್ಯಾಪಾರ ಆ ರಾಜ್ಯದ ಬೊಕ್ಕಸದ ದೊಡ್ಡ ಆಧಾರವಾಯಿತು.

ಆದರೆ ಮಾರಿದವರು ತಮ್ಮವರನ್ನು ಮಾರಿದರೆಂಬ ಅರ್ಥ ನಿಮ್ಮ ಮಾತಿನೊಳಗೆ ನುಸುಳಿದೆ. 'ಆಫ್ರಿಕನ್ನರು' ಎಂಬ ಗುರುತು ಆಗ ಯಾರಿಗೂ ಇರಲಿಲ್ಲ. ದಹೋಮಿಯವನಿಗೆ ಯುದ್ಧದಲ್ಲಿ ಸೆರೆಸಿಕ್ಕ ನೆರೆರಾಜ್ಯದವನು ಪರಕೀಯನೇ. ಅವರೆಲ್ಲರನ್ನೂ ಒಂದೇ ಹೆಸರಿನಡಿ ತಂದದ್ದು ಹಡಗಿನ ಒಡಲು ಮತ್ತು ಆಚೆ ದಡದ ಕಾಯ್ದೆ. ಎರಡನೆಯದಾಗಿ, ಮಾರಲು ಒಪ್ಪದವರೂ ಇದ್ದರು, ಆದರೆ ಒಪ್ಪದೆ ಉಳಿಯುವುದು ಕಷ್ಟವಾಗಿತ್ತು. ಕಾಂಗೋದ ಅರಸ ಮೊದಲನೆಯ ಅಫೊನ್ಸೊ ಸ್ವತಃ ಕ್ರೈಸ್ತನಾಗಿದ್ದವನು, ಪೋರ್ಚುಗೀಸ್ ಬಲ್ಲವನು. 1526ರಲ್ಲಿ ಅವನು ಪೋರ್ಚುಗಲ್ಲಿನ ದೊರೆಗೆ ಕಾಗದ ಬರೆದು, ನಿಮ್ಮ ವರ್ತಕರು ನಮ್ಮ ನೆಲದ ಮಕ್ಕಳನ್ನು, ಕುಲೀನರ ಮಕ್ಕಳನ್ನು, ನಮ್ಮ ಬಂಧುಗಳನ್ನೇ ದಿನವೂ ಹಿಡಿದೊಯ್ಯುತ್ತಿದ್ದಾರೆ, ನಾಡು ಬರಿದಾಗುತ್ತಿದೆ ಎಂದು ದೂರಿಕೊಂಡ. ಅದೇ ಅಫೊನ್ಸೊ ಯುದ್ಧಕೈದಿಗಳನ್ನು ಮಾರುವುದಕ್ಕೆ ವಿರೋಧಿಯಾಗಿರಲಿಲ್ಲವೆಂಬುದನ್ನೂ ಸೇರಿಸಬೇಕು. ಅವನ ಹಿಡಿತ ತಪ್ಪಿದ್ದು ಅವನ ಸಂಕಟ. ಮುಂದೆ ಬರ್ಮಿಂಗ್‌ಹ್ಯಾಮಿನ ಬಂದೂಕುಗಳು ಲಕ್ಷಗಟ್ಟಲೆ ಬಂದಿಳಿದ ಮೇಲೆ, ಬಂದೂಕಿಲ್ಲದ ರಾಜ್ಯ ತಾನೇ ಬೇಟೆಯಾಗುವ ಸ್ಥಿತಿ ಅನೇಕ ಕಡೆ ಬಂತು, ಆ ಬಂದೂಕಿಗೆ ಬೆಲೆಯಾಗಿ ಕೊಡಬೇಕಾದದ್ದು ಸೆರೆಯಾಳುಗಳನ್ನು.

ಅರಬರ ವ್ಯಾಪಾರವೂ ಕ್ರೂರವೇ, ಅದು ಸಾವಿರ ವರ್ಷಕ್ಕೂ ಹೆಚ್ಚು ನಡೆಯಿತು. ವ್ಯತ್ಯಾಸವಿರುವುದು ಕ್ರೌರ್ಯದ ತೂಕದಲ್ಲಲ್ಲ. ಅಲ್ಲಿ ಗುಲಾಮ ಮನೆಯಾಳಾದ, ಸೈನಿಕನಾದ, ಕೆಲವೊಮ್ಮೆ ಸೇನಾಪತಿಯೂ ಆದ. ಅಟ್ಲಾಂಟಿಕ್ಕಿನಲ್ಲಿ ಅವನು ಜಾಗತಿಕ ಮಾರುಕಟ್ಟೆಗೆ ಸರಕು ತಯಾರಿಸುವ ಯಂತ್ರದ ಭಾಗವಾದ, ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಬಣ್ಣದ ಕಾರಣದಿಂದ ಹೊರದಾರಿ ಮುಚ್ಚಿತು.

ಚೌಕಾಬಾರ

ಬಂದೂಕಿಗಿಂತ ಹೆಚ್ಚಾಗಿ ಕೈಬದಲಾದ ಎರಡು ಸರಕುಗಳನ್ನು ಈವರೆಗೆ ಯಾರೂ ಹೆಸರಿಸಿಲ್ಲ. ಎರಡೂ ನಮ್ಮ ಕಡೆಯ ಸಮುದ್ರದವು.

ಒಂದು, ಕವಡೆ. ಅಜ್ಜಿಯ ಮನೆಯಲ್ಲಿ ಚೌಕಾಬಾರ ಆಡುವಾಗ ನಾವು ಅಂಗೈಯಲ್ಲಿ ಕುಲುಕಿ ಎಸೆಯುತ್ತಿದ್ದ, ಉಗುರಿಗಿಂತ ಸ್ವಲ್ಪ ದೊಡ್ಡದಾದ, ಬೆನ್ನು ಹಳದಿ ಮಿಶ್ರಿತ ಬಿಳುಪಾಗಿ ಹೊಟ್ಟೆಯ ಕಡೆ ಹಲ್ಲು ಹಲ್ಲಾಗಿ ಸೀಳಿರುವ ಅದೇ ಕವಡೆ. ಅದು ಹೇರಳವಾಗಿ ಸಿಗುತ್ತಿದ್ದದ್ದು ಮಾಲ್ಡೀವ್ಸ್ ದ್ವೀಪಗಳಲ್ಲಿ. ಅಲ್ಲಿಂದ ಬಂಗಾಳಕ್ಕೂ ಸಿಂಹಳಕ್ಕೂ ಬಂದು, ಡಚ್ಚರ ಮತ್ತು ಇಂಗ್ಲಿಷರ ಹಡಗುಗಳ ತಳದಲ್ಲಿ ಭಾರ ಸಮತೋಲನಕ್ಕೆಂದು ತುಂಬಿಸಿಕೊಂಡು ಆಮ್ಸ್ಟರ್‌ಡಾಂ ಮತ್ತು ಲಂಡನ್ ಸೇರಿ, ಹರಾಜಾಗಿ, ಮತ್ತೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು. ವೀಡಾದಂಥ ಬಂದರುಗಳಲ್ಲಿ ಅದೇ ನಾಣ್ಯ. ನಲವತ್ತು ನಲವತ್ತರಂತೆ ದಾರಕ್ಕೆ ಪೋಣಿಸಿ ಎಣಿಸುತ್ತಿದ್ದರು. 18ನೆಯ ಶತಮಾನವೊಂದರಲ್ಲೇ ಹತ್ತು ಸಾವಿರ ಟನ್ನಿಗೂ ಹೆಚ್ಚು ಕವಡೆ ಹೀಗೆ ಹೋಯಿತು. ಒಬ್ಬ ಮನುಷ್ಯನ ಬೆಲೆ ಹತ್ತಾರು ಸಾವಿರ ಕವಡೆಗಳಿಂದ ಶತಮಾನದ ಕೊನೆಯ ಹೊತ್ತಿಗೆ ಲಕ್ಷವನ್ನು ದಾಟಿತು. ನಾವು ಬೆಲೆಯಿಲ್ಲದ್ದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಎನ್ನುತ್ತೇವೆ. ಆ ಕರಾವಳಿಯಲ್ಲಿ ಈ ಮಾತಿಗೆ ಬೇರೆಯದೇ ಅರ್ಥವಿದ್ದೀತು.

ಇನ್ನೊಂದು, ಬಟ್ಟೆ. ಆಫ್ರಿಕಾದ ಕರಾವಳಿಗೆ ಯುರೋಪಿನವರು ಒಯ್ದ ಸರಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಬಟ್ಟೆಯದು, ಅದರಲ್ಲಿ ಭಾರತದ ಹತ್ತಿ ಬಟ್ಟೆಗೆ ಭಾರಿ ಬೇಡಿಕೆ. ಪುದುಚೇರಿಯ ಸುತ್ತ ನೇಯ್ದು ನೀಲಿಯಲ್ಲಿ ಅದ್ದಿದ ಬಟ್ಟೆಗೆ ಫ್ರೆಂಚರು ಇಟ್ಟ ಹೆಸರೇ 'ಗಿನೇ', ಅಂದರೆ ಗಿನಿ ಕರಾವಳಿಯ ಬಟ್ಟೆ. ಸೆನೆಗಲ್ಲಿನಲ್ಲಿ ಅದು ಹಣದಂತೆಯೇ ಚಲಾವಣೆಯಲ್ಲಿತ್ತು. ಅಲ್ಲಿನವರು ಕೈಯಲ್ಲಿ ಉಜ್ಜಿ, ಮೂಸಿ ನೋಡಿ, ಇಂಗ್ಲೆಂಡಿನ ನಕಲನ್ನು ತಿರಸ್ಕರಿಸುತ್ತಿದ್ದರಂತೆ. ನಮ್ಮ ಗುಳೇದಗುಡ್ಡದ ಖಣವೂ ಹೋಗಿತ್ತೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಈ ವ್ಯಾಪಾರದ ಲೆಕ್ಕಗಳಲ್ಲಿ ಎದ್ದು ಕಾಣುವುದು ಕೋರಮಂಡಲ ಮತ್ತು ಗುಜರಾತಿನ ಬಟ್ಟೆ, ಎಲ್ಲದಕ್ಕೂ ನಮ್ಮೂರನ್ನು ಎಳೆದು ತರುವುದು ಬೇಡ. ನೇಯ್ದವನಿಗಂತೂ ಆ ಬಟ್ಟೆ ಯಾವುದಕ್ಕೆ ಬೆಲೆಯಾಗುತ್ತದೆಂದು ಗೊತ್ತಿರಲು ಸಾಧ್ಯವಿರಲಿಲ್ಲ.

ಅಕ್ರಾದಲ್ಲಿ ಎರಡು ವರ್ಷ

ಕೆಲಸದ ನಿಮಿತ್ತ ಘಾನಾದಲ್ಲಿದ್ದಾಗ ಕೇಪ್ ಕೋಸ್ಟ್ ಕೋಟೆಗೆ ಹೋಗಿದ್ದೆ. ಹೊರಗಿನಿಂದ ನೋಡಿದರೆ ಸುಣ್ಣ ಬಳಿದ ಚೆಂದದ ಕಟ್ಟಡ, ಕೆಳಗೆ ಮೀನುಗಾರರ ದೋಣಿಗಳು. ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಗೆ ಇಳಿಜಾರಿನಲ್ಲಿ ನಡೆದು ಹೋಗಬೇಕು. ಗಾಳಿಗೆ ಗೋಡೆಯ ಮೇಲ್ಭಾಗದಲ್ಲಿ ಒಂದೆರಡು ಕಿಂಡಿ, ನೆಲದಲ್ಲಿ ಮಲಮೂತ್ರ ಹರಿಯಲು ತೋಡಿದ ಕಾಲುವೆ. ಮಾರ್ಗದರ್ಶಕರು ದೀಪ ಆರಿಸಿ ನಮ್ಮನ್ನು ಒಂದು ನಿಮಿಷ ಸುಮ್ಮನೆ ನಿಲ್ಲಿಸಿದರು. ಮೇಲೆ ಬಂದ ಮೇಲೆ, ನಾವು ನಿಂತಿದ್ದ ಮಾಳಿಗೆಯ ನೆತ್ತಿಯ ಮೇಲೆಯೇ ಆಗ ಪ್ರಾರ್ಥನಾಮಂದಿರವಿತ್ತೆಂದು ತೋರಿಸಿದರು. ಸಮುದ್ರಕ್ಕೆ ತೆರೆಯುವ ಬಾಗಿಲಿನ ಮೇಲೆ ಒಳಗಡೆ 'ಮರಳಿ ಬಾರದ ಬಾಗಿಲು' ಎಂದೂ ಹೊರಗಡೆ 'ಮರಳಿ ಬರುವ ಬಾಗಿಲು' ಎಂದೂ ಬರೆದಿದ್ದಾರೆ.

ಹಡಗಿನೊಳಗಿನ ಸ್ಥಿತಿಗೆ ಲಿವರ್‌ಪೂಲಿನ ಬ್ರೂಕ್ಸ್ ಹಡಗಿನ ನಕ್ಷೆಯೇ ಸಾಕ್ಷಿ. 1788ರ ಕಾಯ್ದೆಯ ಪ್ರಕಾರ ಅದರಲ್ಲಿ 454 ಜನರನ್ನು ಸಾಗಿಸಬಹುದಿತ್ತು, ಅದಕ್ಕೆ ಮುಂಚೆ 600ಕ್ಕೂ ಹೆಚ್ಚು ಜನರನ್ನು ತುಂಬಿಸಿದ್ದುಂಟು. ಒಬ್ಬ ಗಂಡಸಿಗೆ ಆರು ಅಡಿ ಉದ್ದ, ಒಂದು ಅಡಿ ನಾಲ್ಕು ಅಂಗುಲ ಅಗಲದ ಜಾಗ. ಕೈಯಲ್ಲಿ ಟೇಪು ಹಿಡಿದು ಮನೆಯ ನೆಲದ ಮೇಲೆ ಅಳೆದು ನೋಡಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಲೆಕ್ಕಪುಸ್ತಕದವರು ಲಾಭವೇ ಮೂಲವೆಂದು ಹೇಳಿದ್ದಕ್ಕೆ ನಾನು ಒಂದು ಮೊಕದ್ದಮೆಯನ್ನು ಸೇರಿಸುತ್ತೇನೆ. 1781ರ ನವೆಂಬರ್ ಕೊನೆಯಲ್ಲಿ ಜಾಂಗ್ ಎಂಬ ಹಡಗಿನ ಸಿಬ್ಬಂದಿ ಸುಮಾರು 130 ಜನರನ್ನು ಜೀವಂತವಾಗಿ ಸಮುದ್ರಕ್ಕೆಸೆದರು. ಕುಡಿಯುವ ನೀರು ಸಾಲದೆಂಬುದು ಅವರು ಕೊಟ್ಟ ಕಾರಣ. ಕಾಯಿಲೆಯಿಂದ ಸತ್ತರೆ ವಿಮೆ ಸಿಗುವುದಿಲ್ಲ, ಹಡಗನ್ನು ಉಳಿಸಲು ಸರಕನ್ನು ಎಸೆದರೆ ಸಿಗುತ್ತದೆ. ಮಾಲೀಕರು ತಲೆಗೆ 30 ಪೌಂಡಿನಂತೆ ಪರಿಹಾರ ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ನಡೆದದ್ದು ಕೊಲೆಯ ವಿಚಾರಣೆಯಲ್ಲ, ವಿಮೆಯ ವಿಚಾರಣೆ. ಕಾನೂನಿನ ದೃಷ್ಟಿಯಲ್ಲಿ ಕುದುರೆಗಳನ್ನು ಎಸೆದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲವೆಂಬ ಮಾತು ಮುಖ್ಯ ನ್ಯಾಯಮೂರ್ತಿ ಮ್ಯಾನ್ಸ್‌ಫೀಲ್ಡರ ಬಾಯಿಂದಲೇ ಬಂತು. ಕೊಲೆಯ ಆರೋಪ ಯಾರ ಮೇಲೂ ಬರಲಿಲ್ಲ. ಈ ಸುದ್ದಿಯನ್ನು ಗುಲಾಮಗಿರಿಯ ವಿರೋಧಿ ಗ್ರ್ಯಾನ್‌ವಿಲ್ ಶಾರ್ಪರಿಗೆ ಮುಟ್ಟಿಸಿದವರು ಸ್ವತಃ ಗುಲಾಮರಾಗಿದ್ದು ತಮ್ಮ ಬೆಲೆಯನ್ನು ತಾವೇ ತೆತ್ತು ಬಿಡಿಸಿಕೊಂಡಿದ್ದ ಒಲಾಡಾ ಎಕ್ವಿಯಾನೊ.

ಯಲ್ಲಾಪುರ ದಾರಿ

ಉತ್ತರ ಕನ್ನಡದವನಾಗಿ ಎರಡು ವಿಷಯ ಸ್ಪಷ್ಟಪಡಿಸಬೇಕೆನಿಸಿತು. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳನ್ನು ಅಟ್ಲಾಂಟಿಕ್ ವ್ಯಾಪಾರದೊಂದಿಗೆ ಸೇರಿಸಿ ಬರೆಯುವ ಲೇಖನಗಳು ಆಗಾಗ ಕಾಣುತ್ತವೆ. ಅದು ತಪ್ಪು. ಅವರ ಪೂರ್ವಜರು ಬಂದದ್ದು ಹಿಂದೂ ಮಹಾಸಾಗರದ ದಾರಿಯಲ್ಲಿ, ಬಹುಪಾಲು ಪೋರ್ಚುಗೀಸರ ಗೋವಾಕ್ಕೆ, ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಆದರೆ ಎರಡೂ ವ್ಯಾಪಾರಗಳ ನಡುವೆ ಗೋಡೆ ಇರಲಿಲ್ಲ: ಗೋವಾಕ್ಕೆ ಜನರನ್ನು ಕಳುಹಿಸಿದ ಅದೇ ಮೊಜಾಂಬಿಕ್ ಕರಾವಳಿ, ವಿಶೇಷವಾಗಿ 19ನೆಯ ಶತಮಾನದಲ್ಲಿ, ಬ್ರೆಜಿಲ್ಲಿಗೂ ಹಡಗು ತುಂಬಿ ಕಳುಹಿಸಿತು. ಬಿಜಾಪುರದ ಆದಿಲ್‌ಶಾಹಿಯಲ್ಲಿ ಹಬ್ಶಿಯೊಬ್ಬ, ಅಂದರೆ ಆಫ್ರಿಕಾ ಮೂಲದವನು, ಇಖ್ಲಾಸ್ ಖಾನ್, ಪ್ರಧಾನಮಂತ್ರಿಯೇ ಆಗಿದ್ದ. ಬಾರ್ಬಡೋಸಿನಲ್ಲಿ ಅದನ್ನು ಊಹಿಸಲೂ ಆಗುತ್ತಿರಲಿಲ್ಲ. ಹಾಗೆಂದು ಇಲ್ಲಿಯ ದಾಸ್ಯ ಹಗುರವಾಗಿತ್ತೆಂದು ಅರ್ಥವಲ್ಲ. ಮಂತ್ರಿಯಾದವನು ಒಬ್ಬ, ಕಾಡು ಸೇರಿದವರು ಅನೇಕರು. ನಮ್ಮ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ.

ನಿಜವಾದ ನಂಟು ಬೇರೊಂದಿದೆ. ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯನ್ನೇ ನೆಚ್ಚಿಕೊಂಡಿದ್ದವು. ಆ ನೆಚ್ಚಿಕೆ ಅಪಾಯವೆಂದು ಕಂಡ ಬ್ರಿಟಿಷರು 1840ರ ದಶಕದಲ್ಲಿಯೇ ಅಮೆರಿಕದ ತೋಟಗಾರರನ್ನು ಕರೆಸಿ ಧಾರವಾಡ ಸೀಮೆಯಲ್ಲಿ ಅಲ್ಲಿನ ಬೀಜ ಬಿತ್ತಿಸಿದರು; 'ಧಾರವಾಡ ಅಮೆರಿಕನ್' ಎಂಬ ಹತ್ತಿಯ ಹೆಸರು ಅದರಿಂದಲೇ ಬಂತು. 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನವರ ಕಣ್ಣು ಕಾರವಾರ ಬಂದರಿನ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು. ನಮ್ಮ ಜಿಲ್ಲೆಯ ಗಡಿಯನ್ನು ಎಳೆದವರಲ್ಲಿ ಮಿಸಿಸಿಪಿಯ ಗುಲಾಮರ ಬೆವರಿಗೂ ಒಂದು ಪಾಲಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಅರ್ಥಶಾಸ್ತ್ರದ ಮೇಷ್ಟ್ರು

ಪರಿಣಾಮದ ವಿಷಯಕ್ಕೆ ಬರುತ್ತೇನೆ. ಈ ವ್ಯಾಪಾರದ ಲಾಭದಿಂದಲೇ ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಗೆ ಬಂಡವಾಳ ದೊರೆಯಿತೆಂದು 1944ರಲ್ಲಿ ವಾದಿಸಿದವರು ಎರಿಕ್ ವಿಲಿಯಮ್ಸ್. ಮುಂದೆ ಅವರು ಟ್ರಿನಿಡಾಡಿನ ಮೊದಲ ಪ್ರಧಾನಿಯಾದರು. ಹಡಗುಗಳ ನೇರ ಲಾಭ ಬ್ರಿಟನ್ನಿನ ಒಟ್ಟು ಹೂಡಿಕೆಯಲ್ಲಿ ಚಿಕ್ಕ ಪಾಲೆಂದು ಅನೇಕರು ಇದನ್ನು ಅಲ್ಲಗಳೆದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಹಡಗಿನ ಲಾಭವನ್ನಷ್ಟೇ ಎಣಿಸುವುದು, ತೆಂಗಿನ ತೋಟದ ಆದಾಯವನ್ನು ಎಳನೀರಿನ ಮಾರಾಟದಿಂದಷ್ಟೇ ಅಳೆದಂತೆ. ಸಕ್ಕರೆ, ಹತ್ತಿ, ವಿಮೆ, ಸಾಲ, ಹಡಗು ಕಟ್ಟುವಿಕೆ, ಬಂದೂಕು, ಇವೆಲ್ಲ ಸೇರಿದ ಜಾಲವನ್ನು ಎಣಿಸಬೇಕು.

ಆಫ್ರಿಕಾದಲ್ಲಿ ಆದ ಹಾನಿಯನ್ನು ಅಂಕಿಗಳಲ್ಲಿ ಹಿಡಿಯುವ ಪ್ರಯತ್ನಗಳಿವೆ. ಹೆಚ್ಚು ಜನರನ್ನು ಕಳೆದುಕೊಂಡ ಪ್ರದೇಶಗಳೇ ಇಂದು ಹೆಚ್ಚು ಬಡವಾಗಿವೆ ಎಂದು ಅರ್ಥಶಾಸ್ತ್ರಜ್ಞ ನೇಥನ್ ನನ್ 2008ರಲ್ಲಿ ತೋರಿಸಿದರು. ಅದೇ ಪ್ರದೇಶಗಳಲ್ಲಿ ಜನ ನೆರೆಯವರನ್ನೂ ಬಂಧುಗಳನ್ನೂ ನಂಬುವುದು ಕಡಿಮೆಯೆಂಬುದು ಅವರ ಮುಂದಿನ ಅಧ್ಯಯನ. ಪಕ್ಕದ ಹಳ್ಳಿಯವನೇ ರಾತ್ರಿ ಹಿಡಿದು ಮಾರಬಹುದಾಗಿದ್ದ ಕಡೆ ನಂಬಿಕೆ ಹೇಗೆ ಉಳಿದೀತು?

ಆದರೆ ನನ್ನನ್ನು ಬಹಳ ಕಾಡುವುದು ಬಿಡುಗಡೆಯ ಲೆಕ್ಕ. ಫ್ರೆಂಚರ ಸಾಂ-ದೊಮಿಂಗ್, ಅಂದರೆ ಇಂದಿನ ಹೈಟಿ, ಯುರೋಪಿನ ಸಕ್ಕರೆಯ ಸುಮಾರು ಶೇ. 40ನ್ನು ಒದಗಿಸುತ್ತಿದ್ದ ವಸಾಹತು. ಅಲ್ಲಿನ ಗುಲಾಮರು 1791ರಲ್ಲಿ ಬಂಡೆದ್ದು, ನೆಪೋಲಿಯನ್ನನ ಸೇನೆಯನ್ನೂ ಸೋಲಿಸಿ, 1804ರ ಜನವರಿ 1ರಂದು ಹೈಟಿಯನ್ನು ಸ್ವತಂತ್ರವೆಂದು ಸಾರಿದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಮಾನ್ಯತೆ ಬೇಕಾದರೆ 15 ಕೋಟಿ ಫ್ರಾಂಕ್ ಕೊಡಿ ಎಂದು ಕೇಳಿತು. ಗುಲಾಮರು ತಮ್ಮ ಬೆಲೆಯನ್ನು ತಾವೇ ಕಟ್ಟಬೇಕಾಯಿತು, ಅದಕ್ಕೆ ಫ್ರಾನ್ಸಿನ ಬ್ಯಾಂಕುಗಳಿಂದಲೇ ಸಾಲ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಅದರಿಂದ ಹುಟ್ಟಿದ ಸಾಲಗಳು ತೀರಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ!

ಬ್ರಿಟನ್ 1833ರ ಕಾಯ್ದೆಯಲ್ಲಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಅದು ಸರ್ಕಾರದ ವಾರ್ಷಿಕ ವೆಚ್ಚದ ಶೇ. 40ರಷ್ಟು. ಕೊಟ್ಟದ್ದು ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ, ಬದಲಿಗೆ 1838ರವರೆಗೆ 'ತರಬೇತಿ'ಯ ಹೆಸರಿನಲ್ಲಿ ಬಿಟ್ಟಿ ದುಡಿತ. ಇದಕ್ಕಾಗಿ ಎತ್ತಿದ ಸಾಲದ ಕೊನೆಯ ಪಾಲನ್ನು ಬ್ರಿಟನ್ನಿನ ಖಜಾನೆ ತೀರಿಸಿದ್ದು 2015ರಲ್ಲಿ. ಅಂದರೆ ಗುಲಾಮರ ಮರಿಮಕ್ಕಳಾಗಿ ಲಂಡನ್ನಿನಲ್ಲಿ ತೆರಿಗೆ ಕಟ್ಟುವವರೂ ತಮ್ಮ ಪೂರ್ವಜರ ಒಡೆಯರಿಗೆ ಸಂದ ಹಣದ ಕಂತು ಕಟ್ಟಿದಂತಾಯಿತು.

ಕರಾವಳಿ ಓದುಗ

ಮೇಷ್ಟ್ರ ಲೆಕ್ಕ ಓದಿದ ಮೇಲೆ ನನ್ನ ಮೊದಲ ಬರಹದ ಧಾಟಿ ಸ್ವಲ್ಪ ಬಿರುಸಾಯಿತೆಂದು ಒಪ್ಪುತ್ತೇನೆ. ಆದರೆ ಎಲ್ಲರೂ ಮಾಡಿದರೆಂಬ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ, ಅದನ್ನು ನಮ್ಮ ಕಡೆಗೂ ತಿರುಗಿಸುತ್ತೇನೆ. ಅದೇ 1833ರ ಕಾಯ್ದೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿದ್ದರು. ಇಲ್ಲಿ ಕಾಯ್ದೆ ಬಂದದ್ದು 1843ರಲ್ಲಿ. 1801ರ ಸುಮಾರಿಗೆ ಕೆನರಾ ಜಿಲ್ಲೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್, ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ನಮ್ಮ ಊರುಗಳಲ್ಲೇ ಕಂಡು ಬರೆದಿದ್ದಾನೆ. ಅವರನ್ನು ಕೊಂಡವರು ಯುರೋಪಿನವರಲ್ಲ. ಜ್ಯೋತಿರಾವ್ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ.

ಇನ್ನೂ ಒಂದು. ಮೇಷ್ಟ್ರು ಹೇಳಿದ ಪರಿಹಾರದಲ್ಲಿ ಲಕ್ಷ ಪೌಂಡಿಗೂ ಹೆಚ್ಚು ಪಡೆದವರಲ್ಲಿ ಜಾನ್ ಗ್ಲಾಡ್‌ಸ್ಟನ್ ಒಬ್ಬ, ಮುಂದೆ ಬ್ರಿಟನ್ನಿನ ಪ್ರಧಾನಿಯಾದವನ ತಂದೆ. ಅವನ ಗಯಾನಾ ತೋಟಗಳಿಗೆ ಆಳು ಸಾಲದಾದಾಗ ಕಲ್ಕತ್ತೆಗೆ ಕಾಗದ ಬರೆದು ಕೂಲಿಗಳನ್ನು ತರಿಸಿಕೊಂಡ. 1838ರಲ್ಲಿ ವಿಟ್ಬಿ ಮತ್ತು ಹೆಸ್ಪೆರಸ್ ಹಡಗುಗಳಲ್ಲಿ ಸುಮಾರು 400 ಭಾರತೀಯರು ಅಲ್ಲಿ ಇಳಿದರು. ಅದೇ ತೋಟ, ಅದೇ ಕಬ್ಬು, ಈ ಬಾರಿ ಐದು ವರ್ಷದ ಕರಾರು.

ಇತಿಹಾಸ ಮೇಡಂ

ಎಲ್ಲರಿಗೂ ಧನ್ಯವಾದ. ಇಂದು ಮಧ್ಯಾಹ್ನ ಆ ತರಗತಿ ಇತ್ತು. ತಿರಸ್ಕಾರ ಕಾರಣವೆಂದ ನನ್ನ ಉತ್ತರ ಅರ್ಧ ಮಾತ್ರ, ತಿರಸ್ಕಾರವನ್ನು ಕಾನೂನಾಗಿ ಬರೆಸಿದ್ದು ತೋಟದ ಲೆಕ್ಕ ಎಂದು ಮೊದಲೇ ಒಪ್ಪಿಕೊಂಡು 1619, 1662, 1705 ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಬ್ರೂಕ್ಸ್ ಹಡಗಿನ ಅಳತೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಎಳೆದಾಗ ಮೂವರು ಹುಡುಗರು ತಾವಾಗಿಯೇ ಅದರಲ್ಲಿ ಮಲಗಲು ನೋಡಿದರು; ಮೂರನೆಯವನಿಗೆ ಭುಜ ಹಿಡಿಸಲಿಲ್ಲ, ನಗುತ್ತಿದ್ದ ತರಗತಿ ತಾನಾಗಿ ತಣ್ಣಗಾಯಿತು. ಮನೆಯಿಂದ ಒಯ್ದಿದ್ದ ಕವಡೆಗಳನ್ನು ಕೈಯಿಂದ ಕೈಗೆ ದಾಟಿಸಿದೆ.

ಪ್ರಶ್ನೆ ಕೇಳಿದ್ದ ಹುಡುಗಿ ಒಂದು ಕವಡೆಯನ್ನು ಹಿಂದಿರುಗಿಸದೆ ಕೈಯಲ್ಲೇ ಹಿಡಿದುಕೊಂಡು, "ಹಾಗಾದರೆ ಇದನ್ನು ಸಮುದ್ರದಿಂದ ಆರಿಸಿದವರಿಗೆ ಎಷ್ಟು ಕೊಡುತ್ತಿದ್ದರು ಮೇಡಂ?" ಎಂದು ಕೇಳಿದಳು. ಚೌಕಾಬಾರದವರೇ, ಮಾಲ್ಡೀವ್ಸಿನ ಕಡೆಯ ಲೆಕ್ಕ ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ಸೋಮವಾರ ಮತ್ತೆ ಅದೇ ತರಗತಿ ಇದೆ.